ಪಶ್ಚಿಮದ ಅವನತಿ: ಕನ್ನಡದಲ್ಲಿ ಒಂದು ಎರವಲು ವಾದ

ಪಾಶ್ಚಾತ್ಯ ನಾಗರಿಕತೆ ತನ್ನ ಕೊನೆಯ ಘಟ್ಟವನ್ನು ಮುಟ್ಟಿದೆ ಎಂಬ ಮಾತು ಕನ್ನಡಕ್ಕೆ ಹೊಸದಲ್ಲ. ಕಾದಂಬರಿಯ ಪಾತ್ರಗಳು ಅದನ್ನು ಆಡಿವೆ, ಉಪನ್ಯಾಸಕಾರರು ಆಡಿದ್ದಾರೆ, ನಾವು ವಾಸಿಸುವ ಮುಲುಂಡಿನ ಕನ್ನಡಿಗರ ಮಾತುಕತೆಗಳಲ್ಲಿಯೂ ಅದು ಆಗಾಗ ಕೇಳಿಬರುತ್ತದೆ. ಅಲ್ಲಿ ಕುಟುಂಬ ಒಡೆದಿದೆ, ಶ್ರದ್ಧೆ ಅಳಿದಿದೆ, ಹಣವೊಂದೇ ಉಳಿದಿದೆ. ಆದ್ದರಿಂದ ನಾವು ನಮ್ಮ ಪರಂಪರೆಗೆ ಮರಳಬೇಕು ಎಂಬುದು ವಾದದ ಸ್ಥೂಲರೂಪ. ಇದನ್ನು ಆಡುವವರು ಇದು ಪೂರ್ವದ ವಿವೇಕವೆಂದು ನಂಬಿರುತ್ತಾರೆ. ಆದರೆ ಇದರ ವಂಶಾವಳಿಯನ್ನು ಪರಿಶೀಲಿಸಿದರೆ ಬಹುಪಾಲು ಹಿರಿಯರು ಯುರೋಪಿನವರೇ. ಎರವಲು ತಂದದ್ದರಲ್ಲಿ ತಪ್ಪೇನಿಲ್ಲ. ಎರವಲಿನ ಜೊತೆಗೆ ಬಂದ ಷರತ್ತುಗಳನ್ನು ನಮ್ಮವರು ಓದಿದ್ದಾರೆಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಓಸ್ವಾಲ್ಡ್ ಸ್ಪೆಂಗ್ಲರನ ಗ್ರಂಥದ ಮೊದಲ ಸಂಪುಟ 1918ರಲ್ಲಿ, ಎರಡನೆಯದು 1922ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದವು. 'ಪಶ್ಚಿಮದ ಅವನತಿ' ಎಂಬ ಮಾತಿಗೆ ಜಗತ್ತಿನಾದ್ಯಂತ ಚಲಾವಣೆ ದೊರೆತದ್ದು ಈ ಗ್ರಂಥದಿಂದಲೇ. ಅವನ ಪ್ರಕಾರ ಒಂದೊಂದು ಮಹಾಸಂಸ್ಕೃತಿಯೂ ಗಿಡದಂತೆ ಹುಟ್ಟಿ, ಹೂಬಿಟ್ಟು, ಸುಮಾರು ಸಾವಿರ ವರ್ಷಗಳಲ್ಲಿ ಒಣಗುತ್ತದೆ. ಹೀಗೆ ಒಣಗಿ ಗಟ್ಟಿಯಾದ ಕೊನೆಯ ಸ್ಥಿತಿಗೆ ಅವನು ಕೊಟ್ಟ ಹೆಸರು ನಾಗರಿಕತೆ. ಹಳ್ಳಿ ಬರಿದಾಗಿ ಮಹಾನಗರವೊಂದೇ ಉಬ್ಬುವುದು, ಬೇರಿಲ್ಲದ ಜನ ಅಲ್ಲಿ ಬಂದು ಸೇರುವುದು, ಹಣ ಆಳುವುದು ಅದರ ಲಕ್ಷಣಗಳು. ನಮ್ಮ ಸಂಪ್ರದಾಯವಾದಿಗಳಿಗೆ ಈ ಚಿತ್ರ ಹಿಡಿಸಿದ್ದು ಸಹಜವೇ. ಅವರು ಗಮನಿಸದ ಸಂಗತಿಯೊಂದುಂಟು. ಸ್ಪೆಂಗ್ಲರ್ ಎಣಿಸಿದ ಎಂಟು ಸಂಸ್ಕೃತಿಗಳಲ್ಲಿ ಭಾರತದ್ದೂ ಒಂದು. ಅದು ಬೌದ್ಧಧರ್ಮದ ಕಾಲದಲ್ಲಿಯೇ ನಾಗರಿಕತೆಯ ಸ್ಥಿತಿಗೆ ಇಳಿದು, ಆಮೇಲೆ ಚರಿತ್ರೆಯಿಲ್ಲದೆ ಉಳಿದ ಜನಸಮೂಹವಾಯಿತು ಎಂಬುದು ಅವನ ತೀರ್ಮಾನ. ಪಶ್ಚಿಮ ಸಾಯುತ್ತಿದೆ ಎನ್ನಲು ಸ್ಪೆಂಗ್ಲರನನ್ನು ಸಾಕ್ಷಿಗೆ ಕರೆದವರು, ನಾವು ಎಂದೋ ಸತ್ತಿದ್ದೇವೆ ಎಂಬ ಅವನ ಸಾಕ್ಷ್ಯವನ್ನೂ ಒಪ್ಪಬೇಕಾಗುತ್ತದೆ. ಅಳತೆಗೋಲನ್ನು ನೆರೆಮನೆಗೆ ಮಾತ್ರ ಹಿಡಿಯುವುದು ವಿಮರ್ಶೆಯಾಗಲಾರದು.

ಫ್ರಾನ್ಸಿನ ರೆನೆ ಗೆನೋನ್ ನಮಗೆ ಇನ್ನೂ ಹತ್ತಿರದವನಂತೆ ಕಾಣುತ್ತಾನೆ. 1927ರ ಅವನ ಕೃತಿ ಆಧುನಿಕ ಜಗತ್ತಿನ ಬಿಕ್ಕಟ್ಟನ್ನು ಕಲಿಯುಗದ ಕಲ್ಪನೆಯಿಂದಲೇ ವಿವರಿಸುತ್ತದೆ. ಆದರೆ ಅವನು ಕಾಪಾಡಲು ಬಯಸಿದ ಪರಂಪರೆಯ ನಡುವೆ ಇರುವುದು ಮೇಲುಕೀಳಿನ ಶ್ರೇಣಿ; ವರ್ಣವ್ಯವಸ್ಥೆ ಅವನಿಗೆ ದೋಷವಲ್ಲ, ಆದರ್ಶ. ವಚನ ಚಳುವಳಿಯನ್ನು ತನ್ನ ಹೆಮ್ಮೆಯೆಂದು ಹೇಳಿಕೊಳ್ಳುವ ಭಾಷೆಯಲ್ಲಿ ಪರಂಪರೆ ಎಂಬ ಶಬ್ದವನ್ನು ಹೀಗೆ ಏಕವಚನದಲ್ಲಿ ಬಳಸುವುದು ಕಷ್ಟ.

ಕನ್ನಡ ಸಾಹಿತ್ಯಕ್ಕೆ ಈ ಅವನತಿಪ್ರಜ್ಞೆ ಬಂದದ್ದು ಇವರಿಬ್ಬರಿಂದ ಅಲ್ಲ, ಮುಖ್ಯವಾಗಿ ಟಿ. ಎಸ್. ಎಲಿಯಟನಿಂದ. 'ದಿ ವೇಸ್ಟ್ ಲ್ಯಾಂಡ್' ಕೂಡ 1922ರದೇ. ಗೋಪಾಲಕೃಷ್ಣ ಅಡಿಗರ 'ಭೂಮಿಗೀತ'ದಲ್ಲಿ (1959) ಅದರ ನೆರಳನ್ನು ವಿಮರ್ಶಕರು ಗುರುತಿಸುತ್ತ ಬಂದಿದ್ದಾರೆ. ಯುದ್ಧೋತ್ತರ ಯುರೋಪಿನ ಬರಡುತನವನ್ನು ಹೇಳಲು ಹುಟ್ಟಿದ ಲಯ, ಸ್ವಾತಂತ್ರ್ಯೋತ್ತರ ಕರ್ನಾಟಕದ ನಿರಾಸೆಯನ್ನು ಹೇಳಲು ಒದಗಿತು. ಇದು ಅನುಕರಣೆಯಾಗಿ ಉಳಿಯಲಿಲ್ಲ ಎಂಬುದಕ್ಕೆ ಅಡಿಗರ ಭಾಷೆಯೇ ಪ್ರಮಾಣ. ಎಲಿಯಟನ ಕಾವ್ಯ ಬೃಹದಾರಣ್ಯಕದ ಮೂರು 'ದ'ಕಾರಗಳಲ್ಲಿ ಬಂದು ನಿಂತಿತೆಂದು ನಮ್ಮವರು ಸಂತೋಷಪಟ್ಟದ್ದೂ ಉಂಟು. ಆದರೆ ಎಲಿಯಟ್ ಉಪನಿಷತ್ತಿನಲ್ಲಿ ನೆಲೆಸಲಿಲ್ಲ. 1927ರಲ್ಲಿ ಅವನು ಇಂಗ್ಲೆಂಡಿನ ಚರ್ಚಿಗೆ ಸೇರಿದ. ಮರುವರ್ಷ ಸಾಹಿತ್ಯದಲ್ಲಿ, ರಾಜಕಾರಣದಲ್ಲಿ, ಮತದಲ್ಲಿ ತಾನು ಸಂಪ್ರದಾಯಪಕ್ಷದವನೆಂದು ಘೋಷಿಸಿಕೊಂಡ. 1934ರ ಉಪನ್ಯಾಸಗ್ರಂಥದಲ್ಲಿ, ಭಾರತೀಯ ತತ್ತ್ವವನ್ನು ನಿಜವಾಗಿ ಒಳಹೊಕ್ಕು ತಿಳಿಯಬೇಕಾದರೆ ಯುರೋಪಿಯನನಂತೆ ಯೋಚಿಸುವುದನ್ನೇ ಮರೆಯಬೇಕಾಗುತ್ತದೆ, ಅದಕ್ಕೆ ತಾನು ಸಿದ್ಧನಿಲ್ಲ ಎಂದು ಸ್ಪಷ್ಟವಾಗಿ ಬರೆದ. ಸಂಪ್ರದಾಯನಿಷ್ಠನ ಪ್ರಾಮಾಣಿಕತೆ ಇದು: ಅವನ ಮನೆ ಅವನಿಗೆ, ನಮ್ಮ ಮನೆ ನಮಗೆ. ಅಡಿಗರು 1971ರ ಲೋಕಸಭಾ ಚುನಾವಣೆಯಲ್ಲಿ ಜನಸಂಘದ ಪರವಾಗಿ ಬೆಂಗಳೂರಿನಲ್ಲಿ ನಿಂತದ್ದನ್ನು ಅವರ ಕಾವ್ಯದಿಂದ ಬೇರೆಯಾಗಿಡಬೇಕೆಂದು ಹಲವರು ವಾದಿಸಿದ್ದಾರೆ. ನಮಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ವರ್ತಮಾನವೆಲ್ಲ ಬರಡು ಎಂಬ ಗ್ರಹಿಕೆಯಿಂದ ಕಳೆದುಹೋದ ವ್ಯವಸ್ಥೆಯೊಂದರ ಹಂಬಲಕ್ಕೆ ದಾರಿ ಹತ್ತಿರದ್ದು. ಅಡಿಗರ ಉತ್ತಮ ಕವಿತೆಗಳು ಆ ದಾರಿಯನ್ನು ಅನುಮಾನದಿಂದ ನೋಡುತ್ತವೆ ಎಂಬುದು ಅವುಗಳ ಹಿರಿಮೆ.

ಮುಂದೆ ಎಸ್. ಎಲ್. ಭೈರಪ್ಪನವರ 'ಕವಲು' (2010) ಬರುವ ಹೊತ್ತಿಗೆ ಈ ಅನುಮಾನ ಬಹುಮಟ್ಟಿಗೆ ಅಳಿದಿದೆ. ಅಲ್ಲಿ ಪಶ್ಚಿಮವೆಂಬುದು ಒಂದು ಭೂಭಾಗವಲ್ಲ. ಮನೆಯನ್ನು ಒಡೆಯುವ ಎಲ್ಲದಕ್ಕೂ ಇಟ್ಟ ಹೆಸರು.

ಇವೆಲ್ಲಕ್ಕೂ ಹಿಂದಿನದು 'ಹಿಂದ್ ಸ್ವರಾಜ್'. 1909ರ ನವೆಂಬರಿನಲ್ಲಿ, ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವ ಹಡಗಿನಲ್ಲಿ ಗಾಂಧೀಜಿ ಅದನ್ನು ಗುಜರಾತಿಯಲ್ಲಿ ಬರೆದರು. 1910ರಲ್ಲಿ ಮುಂಬಯಿ ಸರ್ಕಾರ ನಿಷೇಧಿಸಿತು. 1919ರ ಏಪ್ರಿಲ್ 6ರಂದು ಇದೇ ಮುಂಬಯಿಯಲ್ಲಿ ಕಾನೂನನ್ನು ಮುರಿಯಲೆಂದೇ ಅದನ್ನು ಮಾರಿದರು. ಅದರ ಕೊನೆಯ ಗ್ರಂಥಪಟ್ಟಿಯಲ್ಲಿ ಟಾಲ್‌ಸ್ಟಾಯ್, ರಸ್ಕಿನ್, ಥೋರೊ, ಎಡ್ವರ್ಡ್ ಕಾರ್ಪೆಂಟರ್ ಇದ್ದಾರೆ. ಅಂದರೆ ಗಾಂಧೀಜಿಯೂ ಎರವಲು ತಂದವರೇ. ತಂದದ್ದನ್ನು ಬಚ್ಚಿಡದೆ ಪಟ್ಟಿಕೊಟ್ಟರು. ಅದಕ್ಕಿಂತ ಮುಖ್ಯವಾದದ್ದು, ಪುಸ್ತಕ ಬರೆಯುವ ತಿಂಗಳ ಹಿಂದೆ, ಅಕ್ಟೋಬರಿನಲ್ಲಿ, ಪೋಲಕ್ ಅವರಿಗೆ ಬರೆದ ಪತ್ರದ ಅಭಿಪ್ರಾಯ: ಪಾಶ್ಚಾತ್ಯ ನಾಗರಿಕತೆ ಎಂಬುದೊಂದು ಇಲ್ಲ, ಇರುವುದು ಆಧುನಿಕ ನಾಗರಿಕತೆ; ಪೂರ್ವಪಶ್ಚಿಮಗಳ ನಡುವೆ ದಾಟಲಾರದ ಗೋಡೆಯೂ ಇಲ್ಲ. ಮುಲುಂಡಿನ ನಮ್ಮ ಗುಜರಾತಿ ನೆರೆಹೊರೆಯವರಿಗೆ ಮೂಲದ ಶಬ್ದಚಮತ್ಕಾರ ತಟ್ಟನೆ ತಿಳಿಯುತ್ತದೆ: ನಾಗರಿಕತೆಗೆ ಅಲ್ಲಿರುವ ಮಾತು 'ಸುಧಾರೊ', ಅದು ಕೆಟ್ಟರೆ 'ಕುಧಾರೊ'. ನಗರವೂ ಇಲ್ಲ, ದಿಕ್ಕೂ ಇಲ್ಲ, ನಡತೆ ಮಾತ್ರ. ಕನ್ನಡದ 'ನಾಗರಿಕತೆ'ಯಲ್ಲಿ ನಗರ ಅಂಟಿಕೊಂಡಿರುವುದರಿಂದ ಈ ಭೇದ ನಮ್ಮ ಚರ್ಚೆಯಲ್ಲಿ ಮಸುಕಾಯಿತೇನೋ.

ಹಾಗೆಂದು ಗಾಂಧೀಜಿಯ ವಾದವನ್ನೂ ಪರೀಕ್ಷೆಗೆ ಒಡ್ಡದೆ ಬಿಡಲಾಗದು. 'ಹಿಂದ್ ಸ್ವರಾಜ್' ರೈಲನ್ನು ನಿಂದಿಸುತ್ತದೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಹಾಕಿದ ದೇಶದ ಮೊದಲ ಪ್ರಯಾಣಿಕ ರೈಲಿನ ಹಾದಿ ಹೋಗುವುದು ನಮ್ಮ ಮುಲುಂಡಿನ ಮೇಲೆಯೇ. ಊರಿನ ಪಶ್ಚಿಮ ಭಾಗ 1920ರ ದಶಕದಲ್ಲಿ ನಕ್ಷೆ ಬರೆದು ಕಟ್ಟಿಸಿದ್ದು. ನೇರ ರಸ್ತೆಗಳ, ಚದುರಂಗದ ಮನೆಗಳಂಥ ವಿನ್ಯಾಸ ಜೀವವಿಲ್ಲದ ನಗರದ ಗುರುತು ಎಂದು ಸ್ಪೆಂಗ್ಲರ್ ಬರೆಯುತ್ತಿದ್ದ ಕಾಲವೂ ಅದೇ. ಹೆದ್ದಾರಿಯ ಬದಿಯ ಕಾರ್ಖಾನೆಗಳ ನೆಲದಲ್ಲಿ ಈಗ ಮಾಲ್‌ಗಳೂ ಎತ್ತರದ ವಸತಿಗೃಹಗಳೂ ಎದ್ದಿವೆ; ಮಹಾನಗರದ ಕಸ 1967ರಿಂದ ಇಲ್ಲಿ ಗುಡ್ಡೆಯಾಗಿ, 2018ರಲ್ಲಷ್ಟೇ ಹಾಕುವುದು ನಿಂತಿತು. ಅವನತಿಯ ಚಿತ್ರಕ್ಕೆ ಬೇಕಾದ ಸಾಮಗ್ರಿ ಸಾಕಷ್ಟಿದೆ. ಆದರೆ ಇದೇ ರೈಲಿನ ನಗರಕ್ಕೆ ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕನ್ನಡ ಅಕ್ಷರ ಕಲಿತರು. ಊರಿನ ಪರಂಪರೆ ಅವರಲ್ಲಿ ಅನೇಕರಿಗೆ ಕೊಡದಿದ್ದುದನ್ನು ಬೇರಿಲ್ಲದ ನಗರ ಕೊಟ್ಟಿತು. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಹಳ್ಳಿಯ ಆರಾಧನೆಯನ್ನು ಕಟುವಾಗಿ ತಿರಸ್ಕರಿಸಿದಾಗ ಅವರ ಬೆನ್ನ ಹಿಂದೆ ಇದ್ದದ್ದೂ ಮುಂಬಯಿಯ ಚಾಳುಗಳ ಅನುಭವ.

ಇನ್ನೊಂದು ಮಗ್ಗುಲೂ ಇದೆ. ಮುಂಬಯಿಯ ಗಿರಣಿಗಳಲ್ಲಿ ದುಡಿಯುವವರು ಗುಲಾಮರಾಗಿದ್ದಾರೆ ಎಂದು ಗಾಂಧೀಜಿ ಬರೆದಿದ್ದರು. 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದ ನಂತರ ಪರೇಲ್, ಲಾಲ್‌ಬಾಗ್‌ಗಳ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಜನ ಸ್ವತಂತ್ರರಾಗಲಿಲ್ಲ, ನಿರುದ್ಯೋಗಿಗಳಾದರು. ಯಂತ್ರ ಬಂದಾಗ ಆದ ಹಾನಿಯನ್ನು ಕಂಡವರಿಗೆ, ಅದು ಹೋದಾಗ ಆಗುವ ಹಾನಿ ಕಂಡಿರಲಿಲ್ಲ.

ಮುಂಬಯಿ ಕನ್ನಡದ ಕಥನ ಇದನ್ನು ಸಿದ್ಧಾಂತಕ್ಕಿಂತ ಚೆನ್ನಾಗಿ ಅರಿತಿದೆ. ಯಶವಂತ ಚಿತ್ತಾಲರ 'ಶಿಕಾರಿ'ಯ (1979) ನಾಗಪ್ಪನನ್ನು ಬೇಟೆಯಾಡುವುದು ಕಂಪನಿಯ ಲೋಕ. ಸ್ಪೆಂಗ್ಲರನ ನಿರ್ಜೀವ ಮಹಾನಗರವೇ ಎನ್ನಬಹುದು. ಆದರೆ ಊರಿನ ನಂಟು, ಜಾತಿಯ ಬಳಗ ಅವನಿಗೆ ಆಸರೆಯಾಗುವುದಿಲ್ಲ. ಹನೇಹಳ್ಳಿಯನ್ನು ಅಷ್ಟು ಪ್ರೀತಿಸಿದ ಲೇಖಕ ಅದನ್ನು ಮದ್ದಾಗಿ ಬರೆದುಕೊಡಲಿಲ್ಲ. ಯು. ಆರ್. ಅನಂತಮೂರ್ತಿಯವರ ಕೊನೆಯ ಕೃತಿ 'ಹಿಂದುತ್ವ ಅಥವಾ ಹಿಂದ್ ಸ್ವರಾಜ್' ಕೂಡ ಆಧುನಿಕತೆಯ ಟೀಕೆಯನ್ನು ಸಂಪ್ರದಾಯವಾದಿಗಳಿಗೆ ಬಿಟ್ಟುಕೊಡದೆ ಮಾಡಲು ಹೆಣಗುತ್ತದೆ. ಆದರೆ ಅದರಲ್ಲಿ ನಗರದ ದುಡಿಮೆಗಾರನಿಗೆ ದೊರೆತ ಜಾಗ ಕಡಿಮೆ.

ಹೊರನಾಡಿನ ಸಂಶೋಧಕರಿಗೆ ಇದು ಬರಿಯ ವಿಚಾರದ ಪ್ರಶ್ನೆಯಲ್ಲ. ಅವನತಿವಾದದ ಕಣ್ಣಿನಲ್ಲಿ ಮುಲುಂಡಿನ ಕನ್ನಡಿಗ ಬೇರು ಕಿತ್ತವನು, ಅವನ ಕನ್ನಡ ಊರಿನ ಕನ್ನಡದ ಕರಗುತ್ತಿರುವ ಪಳೆಯುಳಿಕೆ. ನಮ್ಮಲ್ಲಿ ಹಲವರ ಸಮೀಕ್ಷೆಗಳೂ ಇದೇ ಊಹೆಯಿಂದ ಹೊರಡುತ್ತವೆ: ಮೊದಲು ಎಷ್ಟಿತ್ತು, ಈಗ ಎಷ್ಟು ಉಳಿದಿದೆ ಎಂದು ಎಣಿಸುತ್ತವೆ. ಮರಾಠಿ, ಗುಜರಾತಿ, ತುಳುಗಳ ನಡುವೆ ಬಳಕೆಯಾಗುತ್ತ ಇಲ್ಲಿ ಹೊಸದಾಗಿ ರೂಪುಗೊಂಡ ಕನ್ನಡವನ್ನು ಬರೆದುಕೊಳ್ಳಲು ಅವುಗಳ ನಮೂನೆಯಲ್ಲಿ ಕಲಮೇ ಇರುವುದಿಲ್ಲ.