ತೆನೆ ಹಂಚುವ ಕೈಗಳು

ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ. ಮಂಗಳೂರು, ಉಡುಪಿ ಕಡೆಯ ಕೊಂಕಣಿ ಕ್ಯಾಥೊಲಿಕರಿಗೆ ಅದೇ ಮೊಂತಿ ಫೆಸ್ತ್, ಹೊಸ ಅಕ್ಕಿಯ ಹಬ್ಬ. ಅದಕ್ಕೂ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು, ಹಾಡುತ್ತಾ ಬಾಲ ಮರಿಯಮ್ಮನಿಗೆ ಅರ್ಪಿಸುತ್ತಾರೆ. ದಾಸವಾಳ, ಗೊರಟೆ, ಬೇಲಿಯಂಚಿನ ಕಾಡುಹೂ, ಯಾವುದಾದರೂ ಸರಿ.

ನನಗೆ ಹೆಚ್ಚು ಇಷ್ಟವಾಗುವುದು ಈ ಹಬ್ಬದ ಹಿಂದಿನ ದುಡಿಮೆ. ಮನೆಮನೆಗೆ ಹಂಚಲು ಗದ್ದೆಯಿಂದ ಯಾರೋ ಹೊಸ ಭತ್ತದ ತೆನೆ ಕೊಯ್ದು ಕೊಡಬೇಕು, ಇನ್ಯಾರೋ ಕಂತೆ ಕಟ್ಟಬೇಕು. ಚರ್ಚಿನ ವ್ಯಾಪ್ತಿಯನ್ನು ವಾಳೆಗಳಾಗಿ ಹಂಚಿ, ವಾಳೆಗೊಬ್ಬ ಗುರಿಕಾರರನ್ನು ಆರಿಸಿರುತ್ತಾರೆ. ಯಾವ ಮನೆಗೆ ತೆನೆ ತಲುಪಿಲ್ಲ, ಯಾರ ಮನೆಯ ಅಜ್ಜಿ ಹಾಸಿಗೆ ಹಿಡಿದಿದ್ದಾರೆ ಎಂಬುದು ಒಳ್ಳೆಯ ಗುರಿಕಾರರಿಗೆ ಬಾಯಿಪಾಠ. ಪಾದ್ರಿಗಳು ತೆನೆ ಆಶೀರ್ವದಿಸುತ್ತಾರೆ. ಮನೆಮನೆಗೆ ಮುಟ್ಟಿಸುವ ಓಡಾಟವೆಲ್ಲ ಊರವರದು. ಹೂ ತಂದ ಮಕ್ಕಳಿಗೆ ಕಬ್ಬು. ಕಬ್ಬಿಗಾಗಿಯೇ ಬರುವ ಪೋರರೂ ಇದ್ದಾರೆ, ಇರಲಿ ಬಿಡಿ.

ಮನೆಯಲ್ಲಿ ಆ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಪ್ರಾರ್ಥನೆಯ ಬಳಿಕ ಹಿರಿಯರು ಒಬ್ಬೊಬ್ಬರಿಗೂ ಕೊಡುತ್ತಾರೆ. ಬಾಳೆಲೆಯ ಊಟದಲ್ಲಿ ಅಂದು ಮೀನು, ಮಾಂಸಕ್ಕೆ ಜಾಗವಿಲ್ಲ. ತರಕಾರಿ ಪದಾರ್ಥಗಳು ಮೂರೋ ಐದೋ ಏಳೋ, ಅಂತೂ ಬೆಸ ಸಂಖ್ಯೆ. ಹರಿವೆ, ಕೆಸು, ಬೆಂಡೆ, ಹೀರೆ: ಮಳೆಗಾಲದ ಹಿತ್ತಿಲೇ ಪಟ್ಟಿ ಬರೆದುಕೊಟ್ಟಂತೆ.

ಈಗ ಗದ್ದೆಗಳು ಕಡಿಮೆ. ಪೇಟೆಯ ಚರ್ಚುಗಳಿಗೆ ತೆನೆಯನ್ನು ಹಳ್ಳಿಗಳಿಂದ ತರಿಸಬೇಕು. ಮುಂಬಯಿಗೋ ಗಲ್ಫ್‌ಗೋ ಹೋದ ಮಕ್ಕಳಿಗೆ ಆಶೀರ್ವದಿಸಿದ ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ರೂಢಿಯೂ ಇದೆ.