ಸ್ವಾನ್ ಹೇಳುವುದೂ ಹೈದರಾಬಾದ್ ಮಾಡಿದ್ದೂ

ಎರಡೂ ಧ್ರುವಗಳಿಗೆ ಕಾಲ್ನಡಿಗೆಯಲ್ಲಿ ಹೋದ ಮೊದಲಿಗರು ಬ್ರಿಟನ್ನಿನ ರಾಬರ್ಟ್ ಸ್ವಾನ್. 1986ರ ಜನವರಿ 11ರಂದು ಇಬ್ಬರು ಸಂಗಡಿಗರೊಂದಿಗೆ ಅವರು ದಕ್ಷಿಣ ಧ್ರುವ ಮುಟ್ಟಿದರು. ಅದೇ ದಿನ ಅವರ ಹಡಗು ‘ಸದರ್ನ್ ಕ್ವೆಸ್ಟ್’ ಹಿಮಗಡ್ಡೆಗಳ ನಡುವೆ ಸಿಕ್ಕಿ ಮುಳುಗಿತು. ಉತ್ತರ ಧ್ರುವ ತಲುಪಿದ್ದು 1989ರಲ್ಲಿ. ಮೊದಲ ನಡಿಗೆಯಲ್ಲೇ ಮುಖದ ಚರ್ಮ ಸುಟ್ಟು ಸುಲಿದಿತ್ತು, ಕಣ್ಣಿಗೂ ಪೆಟ್ಟಾಗಿತ್ತು. ಅಂಟಾರ್ಕ್ಟಿಕಾದ ಮೇಲಿನ ಓಜೋನ್ ಪದರ ತೆಳುವಾಗಿದೆ ಎಂದು ವಿಜ್ಞಾನಿಗಳು 1985ರಲ್ಲಷ್ಟೇ ಪ್ರಕಟಿಸಿದ್ದರು. ಪುಸ್ತಕದಿಂದಲ್ಲ, ಸ್ವಂತ ಮೈಯಿಂದ ಪರಿಸರವಾದಿಯಾದವರು ಸ್ವಾನ್. ಅವರ ಮಾತಿಗಿರುವ ತೂಕ ಅಲ್ಲಿಂದ ಬಂದದ್ದು.

ಭೂಮಿಯನ್ನು ಇನ್ನಾರೋ ಉಳಿಸುತ್ತಾರೆ ಎಂಬ ನಂಬಿಕೆಯೇ ದೊಡ್ಡ ಅಪಾಯ ಎನ್ನುವುದು ಅವರ ಪ್ರಸಿದ್ಧ ಮಾತು. ಆದರೆ ಅವರು ಮಾಡಿದ ಅತ್ಯುತ್ತಮ ಕೆಲಸ ಭಾಷಣವಲ್ಲ, ಕಸ ಎತ್ತಿದ್ದು. ಕಿಂಗ್ ಜಾರ್ಜ್ ದ್ವೀಪದ ರಷ್ಯನ್ ನೆಲೆ ಬೆಲಿಂಗ್ಸ್‌ಹೌಸನ್ ಬಳಿ ದಶಕಗಳಿಂದ ಬಿದ್ದಿದ್ದ ಸಾವಿರ ಟನ್ನಿಗೂ ಮಿಕ್ಕಿದ ಲೋಹ, ಗುಜರಿಯನ್ನು ವರ್ಷಗಟ್ಟಲೆ ಬೆನ್ನುಹತ್ತಿ ಸಾಗಿಸಿದರು. ಚಪ್ಪಾಳೆ ಸಿಗದ ಕೆಲಸ ಅದು.

ಅವರ ಸಂಸ್ಥೆಯ ಹೆಸರಿನಲ್ಲೇ ಇರುವ ‘2041’ ಮಾತ್ರ ತಕರಾರಿಗೆ ಆಸ್ಪದ ಕೊಡುತ್ತದೆ. ಅಂಟಾರ್ಕ್ಟಿಕಾದಲ್ಲಿ ಗಣಿಗಾರಿಕೆಯ ನಿಷೇಧ ಆ ವರ್ಷಕ್ಕೆ ಮುಗಿಯುತ್ತದೆ ಎಂಬ ಭಾವನೆ ಸಂಸ್ಥೆಯ ಪ್ರಚಾರದಿಂದ ಬಲವಾಗಿ ಬೇರೂರಿದೆ. ಅದು ಸರಿಯಲ್ಲ. ಈ ನಿಷೇಧ ವಿಧಿಸುವ, 1991ರಲ್ಲಿ ಸಹಿಯಾದ ಮ್ಯಾಡ್ರಿಡ್ ಒಪ್ಪಂದ ಜಾರಿಗೆ ಬಂದದ್ದು 1998ರಲ್ಲಿ; ಐವತ್ತು ವರ್ಷದ ಬಳಿಕ, ಅಂದರೆ 2048ರಿಂದ, ಮರುಪರಿಶೀಲನೆಗೆ ಸಭೆ ಕರೆಯಿರೆಂದು ಸಮಾಲೋಚಕ ಸದಸ್ಯ ದೇಶವೊಂದು ಕೇಳಬಹುದು, ಅಷ್ಟೇ. ನಿಷೇಧಕ್ಕೆ ಅಂತಿಮ ದಿನಾಂಕವೇ ಇಲ್ಲ. ಹೆದರಿಕೆ ಹುಟ್ಟಿಸುವ ವರ್ಷ ಜನರನ್ನು ಬೇಗ ಸೆಳೆಯುತ್ತದೆ ನಿಜ, ಆದರೆ ಒಳ್ಳೆಯ ಕಾರಣಕ್ಕೂ ಸತ್ಯವನ್ನು ಎಳೆಯಬಾರದು. ಭಾರತವಂತೂ 2022ರ ಅಂಟಾರ್ಕ್ಟಿಕ್ ಕಾಯ್ದೆಯಲ್ಲಿ ತನ್ನವರಿಗೆ ಅಲ್ಲಿನ ಗಣಿಗಾರಿಕೆಯನ್ನು ನಿಷೇಧಿಸಿದೆ.

ಹೈದರಾಬಾದಿಗೂ ಅಂಟಾರ್ಕ್ಟಿಕಾಕ್ಕೂ ನಂಟು ಹಳೆಯದು. ಭಾರತದ ಮೈತ್ರಿ ನೆಲೆ ಇರುವ ಶಿರ್ಮಾಖರ್ ಓಯಸಿಸ್‌ನ ಮಣ್ಣಿನಿಂದ ನಗರದ ಹಬ್ಸಿಗುಡದಲ್ಲಿರುವ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು, ಎಸ್. ಶಿವಾಜಿ ಮತ್ತಿತರರು, ಚಳಿಯಲ್ಲೂ ಬೆಳೆಯುವ ಹೊಸ ಬ್ಯಾಕ್ಟೀರಿಯಾ ಗುರುತಿಸಿ 1992ರಲ್ಲಿ ಸ್ಫಿಂಗೋಬ್ಯಾಕ್ಟೀರಿಯಂ ಆಂಟಾರ್ಕ್ಟಿಕಸ್ ಎಂದು ಹೆಸರಿಟ್ಟರು. ಆ ಖಂಡವನ್ನು ಯಾಕೆ ಅಗೆಯಬಾರದು ಎನ್ನುವುದಕ್ಕೆ ಯಾವ ಘೋಷಣೆಗಿಂತಲೂ ಗಟ್ಟಿ ಉತ್ತರ ಇದು: ಅಲ್ಲಿನ ಹಿಡಿ ಮಣ್ಣಿನಲ್ಲೂ ನಾವು ಕಾಣದ ಜೀವವಿದೆ.

ಸ್ವಾನ್ ಅವರ ಪಾಠಕ್ಕೆ ನಿಜವಾದ ಪರೀಕ್ಷೆ ಒಡ್ಡಿದ್ದು ಕಂಚ ಗಚ್ಚಿಬೌಲಿ. ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡ ಸುಮಾರು 400 ಎಕರೆ ಕುರುಚಲು ಕಾಡಿಗೆ 2025ರ ಮಾರ್ಚ್ ಕೊನೆಯಲ್ಲಿ ಬುಲ್ಡೋಜರ್‌ಗಳು ನುಗ್ಗಿದಾಗ ಎದುರು ನಿಂತವರು ವಿದ್ಯಾರ್ಥಿಗಳು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಮರ ಕಡಿಯುವುದನ್ನು ತಡೆಯಿತು. ಆ ಮಕ್ಕಳು ಧ್ರುವ ಕಂಡವರಲ್ಲ. ನವಿಲು, ಜಿಂಕೆಗಳು ತಮ್ಮ ಹಾಸ್ಟೆಲ್ ಮಗ್ಗುಲಿನವು ಎಂಬ ಅರಿವೇ ಅವರಿಗೆ ಸಾಕಾಯಿತು.

ಸ್ವಾನ್ ಅವರ ತಂಡ ಜನರನ್ನು ಹಡಗಿನಲ್ಲಿ ಅಂಟಾರ್ಕ್ಟಿಕಾಕ್ಕೆ ಕರೆದೊಯ್ಯುತ್ತದೆ. ಭಾರತೀಯರೂ ಲಕ್ಷಾಂತರ ರೂಪಾಯಿ ಹೊಂದಿಸಿ ಹೋಗಿ ಬರುತ್ತಾರೆ. ಅಷ್ಟು ದೂರದ ವಿಮಾನ, ಹಡಗುಗಳು ಉಗುಳುವ ಇಂಗಾಲದ ಲೆಕ್ಕವನ್ನು ಸ್ಫೂರ್ತಿಯ ಹೆಸರಿನಲ್ಲಿ ಅಳಿಸಲಾಗದು. ಹೋಗುವವರಿಗೆ ಸಂಸ್ಥೆಯೇ ಒಂದು ಕರಾರು ಹಾಕಲಿ: ಮರಳಿದ ಮೇಲೆ ಮೂಸಿ ನದಿಗೋ ಹುಸೇನ್ ಸಾಗರಕ್ಕೋ ತಮ್ಮ ಬಡಾವಣೆಯ ಕೆರೆಗೋ ಐದು ವರ್ಷ ದುಡಿಯಬೇಕು, ಬೆಲಿಂಗ್ಸ್‌ಹೌಸನ್‌ನಲ್ಲಿ ಸ್ವಾನ್ ದುಡಿದಷ್ಟೇ ಹಟದಿಂದ.