ಚಾಲೂ–ಬಂದ್

ರಂಗಂಪೇಟೆಯ ಸುತ್ತಲಿನ ಹೊಲಗಳಲ್ಲಿ 'ಚಾಲೂ–ಬಂದ್' ಅಂದರೆ ಮೊದಲು ನೆನಪಾಗುವುದು ಕಾಲುವೆ. ನಾರಾಯಣಪುರ ಎಡದಂಡೆ ಕಾಲುವೆಗೆ ಎಷ್ಟು ದಿನ ನೀರು ಚಾಲೂ, ಎಷ್ಟು ದಿನ ಬಂದ್ ಎಂಬುದನ್ನು ನೀರಾವರಿ ಸಲಹಾ ಸಮಿತಿ ಗೊತ್ತುಮಾಡುತ್ತದೆ. ಭತ್ತ ಹಚ್ಚಿದವರಿಗೆ ಆ ಎರಡೂ ತಾರೀಖು ಬಾಯಿಪಾಠ. ಬಂದ್ ಆಗುವ ದಿನದ ಮೇಲೆ ಇನ್ನೂ ಹೆಚ್ಚು ಕಣ್ಣು, ಯಾಕೆಂದರೆ ಅಷ್ಟರೊಳಗೆ ಗದ್ದೆ ತುಂಬಿರಬೇಕು. ಕಾಲುವೆ ಬಂದ್ ಆದ ಮೇಲೋ, ನೀರು ತುದಿಯ ಹೊಲ ಮುಟ್ಟದೆ ಹೋದಾಗಲೋ ಹಳ್ಳಕ್ಕೆ ಪೆಟ್ರೋಲ್ ಎಂಜಿನ್ ಇಳಿಯುತ್ತದೆ. ಕಾಲುವೆಯ ವಿಷಯದಲ್ಲಿ ಎರಡನ್ನೂ ಲೆಕ್ಕ ಹಾಕುವ ಅದೇ ಜನ ಎಂಜಿನ್ನಿನ ವಿಷಯಕ್ಕೆ ಬಂದರೆ ಚಾಲೂ ಒಂದನ್ನೇ ಬಲ್ಲರು. ಬಂದ್ ಮಾಡುವುದನ್ನು ನಾವು ಒಂದು ಕೆಲಸವೆಂದೇ ಎಣಿಸಿಲ್ಲ.

ನಾನು ತೂಗಿ ನೋಡಬೇಕೆಂದಿರುವುದು ಈ ರೂಢಿಯನ್ನು. ಹಳ್ಳದಿಂದ ನೀರೆತ್ತುವ ಎಂಜಿನ್, ಬೆನ್ನಿಗೆ ಹಾಕಿಕೊಂಡು ಹತ್ತಿಗೂ ಮೆಣಸಿನಕಾಯಿಗೂ ಎಣ್ಣೆ ಹೊಡೆಯುವ ಮಶಿನ್, ಕರೆಂಟ್ ಹೋದಾಗ ಪೇಟೆಯ ಅಂಗಡಿಗಳಲ್ಲೂ ತಿಂಥಣಿ ಮೌನೇಶ್ವರನ ಜಾತ್ರೆಯ ಬಳೆ, ಮಿಠಾಯಿ ಅಂಗಡಿಗಳ ಹಿಂದೆಯೂ ಗುಡುಗುವ ಸಣ್ಣ ಜನರೇಟರ್: ಎಲ್ಲದರ ಹೊಟ್ಟೆಯಲ್ಲೂ ಇರುವುದು ಹಗ್ಗ ಜಗ್ಗಿದರೆ ಏಳುವ ಪೆಟ್ರೋಲ್ ಎಂಜಿನ್ನೇ.

ಚಾಲೂ ಮಾಡುವುದರಲ್ಲಿ ನಮ್ಮ ಕೈಗಳು ನಿಜಕ್ಕೂ ಪಳಗಿವೆ. ಬೆಳಿಗ್ಗೆ ತಣ್ಣಗಿದ್ದಾಗ ಚೋಕ್ ಹಾಕಬೇಕು, ಊಟಕ್ಕೆ ನಿಲ್ಲಿಸಿ ಮತ್ತೆ ಚಾಲೂ ಮಾಡುವಾಗ ಬೇಡ ಎಂಬುದು ಹೊಸದಾಗಿ ಬಂದ ಆಳಿಗೂ ಎರಡು ದಿನದಲ್ಲಿ ತಿಳಿಯುತ್ತದೆ. ಹಗ್ಗವನ್ನು ಮೊದಲು ಮೆಲ್ಲಗೆ ಎಳೆದು, ಕೈಗೆ ಬಿಗಿ ಹತ್ತಿದಲ್ಲಿ ತಡೆದು, ಆಮೇಲೆ ಒಂದೇ ಜಗ್ಗು. ಆ ಬಿಗಿ ಅಂದರೆ ಪಿಸ್ಟನ್ ಗಾಳಿಯನ್ನು ಒತ್ತಲು ಹತ್ತಿದ ಗುರುತು. ಅಲ್ಲಿಂದ ಗಟ್ಟಿಯಾಗಿ ಜಗ್ಗಿದರೆ ಗಾಲಿ ಒತ್ತಡವನ್ನು ದಾಟಿ ತಿರುಗುತ್ತದೆ. ಅರೆಮನಸ್ಸಿನಿಂದ ಜಗ್ಗಿದರೆ ಕಿಡಿ ತಾಕಿದ ಪಿಸ್ಟನ್ ಹಿಂದಕ್ಕೆ ಒದೆಯುತ್ತದೆ, ಹಗ್ಗ ಕೈಯನ್ನೂ ಸೆಳೆದುಕೊಂಡು ಒಳಗೆ ಓಡುತ್ತದೆ. ಎಂಜಿನ್ ಹತ್ತಿದ ಮೇಲೆ ಹಗ್ಗವನ್ನು ಬಿಟ್ಟುಬಿಡದೆ ಕೈಯಲ್ಲೇ ಹಿಡಿದು ಒಳಗೆ ಕಳಿಸುವ ಹದವೂ ನಮ್ಮವರಿಗೆ ಇದೆ. ಇದೆಲ್ಲ ಅಣ್ಣನ ಕೈ ನೋಡಿ ತಮ್ಮ ಕಲಿತದ್ದು. ಇಷ್ಟು ಚೆನ್ನಾಗಿ ಕಲಿಯಲು ಕಾರಣವೂ ಸ್ಪಷ್ಟ. ತಪ್ಪು ಮಾಡಿದರೆ ಎಂಜಿನ್ ಹತ್ತುವುದಿಲ್ಲ, ಸುತ್ತ ನಿಂತವರೆಲ್ಲ ನೋಡುತ್ತಿರುತ್ತಾರೆ.

ಆದರೆ ಈ ಜಾಣತನದಲ್ಲೂ ಮೂರು ಕಡೆ ನನಗೆ ತಕರಾರಿದೆ.

ಮೊದಲನೆಯದು, ಹಿಡಿಕೆ ಕಿತ್ತುಹೋದ ಹಗ್ಗವನ್ನು ಮುಷ್ಟಿಗೆ ಸುತ್ತಿಕೊಂಡು ಜಗ್ಗುವುದು. ಹಿಡಿಕೆ ಇದ್ದರೆ ಎಂಜಿನ್ ಒದ್ದಾಗ ಬೆರಳು ಬಿಚ್ಚಿಕೊಳ್ಳುತ್ತದೆ. ಸುತ್ತಿದ ಹಗ್ಗ ಬಿಡುವುದಿಲ್ಲ, ಮಣಿಕಟ್ಟು ಮುರಿಯುತ್ತದೆ. ಎರಡನೆಯದು ಆಯಿಲ್. ಈ ಎಂಜಿನ್ನುಗಳಲ್ಲಿ ಬಹುಪಾಲಿಗೆ ಆಯಿಲ್ ಪಂಪ್ ಇರುವುದಿಲ್ಲ. ಕನೆಕ್ಟಿಂಗ್ ರಾಡಿನ ತುದಿಯಲ್ಲಿರುವ ಚಮಚದಂಥ ತುಂಡು ತಿರುಗುತ್ತ ಆಯಿಲನ್ನು ಎರಚುತ್ತದೆ, ಅಷ್ಟೇ ಅದರ ಏರ್ಪಾಡು. ಒಳಗಿರುವ ಆಯಿಲ್ ಅರ್ಧ ಲೀಟರಿನ ಆಸುಪಾಸು. ಹಳ್ಳದ ದಂಡೆಯ ಇಳಿಜಾರಿನಲ್ಲಿ ಎಂಜಿನ್ ಓರೆಯಾಗಿ ಕೂತರೆ ಚಮಚಕ್ಕೆ ಆಯಿಲ್ ಎಟಕುವುದಿಲ್ಲ. ನಾಲ್ಕು ಕಲ್ಲು ಇಟ್ಟು ಸಮ ಮಾಡಿ, ಕಡ್ಡಿ ತೆಗೆದು ನೋಡಿ, ಪಂಪಿನೊಳಗೆ ಒಂದು ಕೊಡ ನೀರು ಹೊಯ್ದು ಆಮೇಲೆ ಹಗ್ಗಕ್ಕೆ ಕೈ ಹಾಕುವವರನ್ನು ನಾನು ನೋಡಿದ್ದೇನೆ. ಆದರೆ ಅವರು ಕಡಿಮೆ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಚೋಕ್ ತೆಗೆಯದೆ ಹತ್ತಾರು ಸಲ ಜಗ್ಗಿದರೆ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ತೊಯ್ದು ಹೋಗುತ್ತದೆ. ಆಗ ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ 'ಕಿಡಿ ಬರತದೇನು ನೋಡು' ಅನ್ನುತ್ತ ಇನ್ನೊಬ್ಬನಿಂದ ಹಗ್ಗ ಜಗ್ಗಿಸುತ್ತಾರೆ. ಪ್ಲಗ್ ಇದ್ದ ತೂತಿನಿಂದ ಪೆಟ್ರೋಲಿನ ಹನಿ ಹೊಗೆಯಂತೆ ಚಿಮ್ಮುತ್ತಿರುತ್ತದೆ, ಪಕ್ಕದಲ್ಲೇ ಕಿಡಿ ಹಾರುತ್ತಿರುತ್ತದೆ, ಅದರ ಮೇಲೆ ಬಗ್ಗಿದ ಮುಖ ಇರುತ್ತದೆ. ಶೂನ್ಯಕ್ಕಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲಿನ ಆವಿ ಕಿಡಿ ತಾಕಿದರೆ ಹೊತ್ತಿಕೊಳ್ಳುತ್ತದೆ. ನಮ್ಮ ಬೇಸಿಗೆಯೋ ಶೂನ್ಯಕ್ಕಿಂತ 40 ಡಿಗ್ರಿ ಮೇಲಿನದು. ಚೋಕ್ ತೆಗೆದು, ರೇಸ್ ಪೂರ್ತಿ ಕೊಟ್ಟು ನಾಲ್ಕೈದು ಸಲ ಜಗ್ಗಿದರೆ ಹೆಚ್ಚಾದ ಪೆಟ್ರೋಲ್ ಹೊರಗೆ ಹೋಗುತ್ತದೆ. ಇಲ್ಲವೇ ಪ್ಲಗ್ ಒರೆಸಿ ಒಣಗಲು ಬಿಟ್ಟು ಕಾಲು ಗಂಟೆ ಕುಳಿತರೂ ಸಾಕು. ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹೊಯ್ಯುವ ಅವಸರಕ್ಕೂ ಇದೇ ಮಾತು. ಟಾಕಿಯ ಪಕ್ಕದಲ್ಲೇ ಸೈಲೆನ್ಸರ್ ಕಾದಿರುತ್ತದೆ, ಬೆನ್ನಿನ ಮಶಿನ್ನಿನಲ್ಲಿ ಚೆಲ್ಲಿದ ಪೆಟ್ರೋಲ್ ಅಂಗಿಗೇ ಇಳಿಯುತ್ತದೆ.

ಇನ್ನು ಬಂದ್ ಮಾಡುವುದು. ಇಲ್ಲಿ ನಮ್ಮ ರೂಢಿ ಪೂರ್ತಿ ಸೋತಿದೆ. ಹಿಂದೆ ಹೀಗಿರಲಿಲ್ಲ.

ನಮ್ಮ ಕಾಕಾ ಚಿಮಣಿ ಎಣ್ಣೆಯ ಎಂಜಿನ್ ಕಾಲದವರು. ಆ ಎಂಜಿನ್ ಪೆಟ್ರೋಲಿನಲ್ಲಿ ಚಾಲೂ ಆಗಿ, ಮೈ ಕಾದ ಮೇಲೆ ಚಿಮಣಿ ಎಣ್ಣೆಗೆ ಹೊರಳುತ್ತಿತ್ತು. ತಣ್ಣಗಿನ ಎಂಜಿನ್ನಿನಲ್ಲಿ ಚಿಮಣಿ ಎಣ್ಣೆ ಆವಿಯಾಗುವುದಿಲ್ಲವಲ್ಲ. ಹಾಗಾಗಿ ಬಂದ್ ಮಾಡುವ ಮುಂಚೆ ಮತ್ತೆ ಪೆಟ್ರೋಲಿಗೆ ಹೊರಳಿಸಿ, ಕಾರ್ಬೊರೇಟರಿನಲ್ಲಿ ಉಳಿದ ಚಿಮಣಿ ಎಣ್ಣೆ ಉರಿದು ಹೋಗುವವರೆಗೆ ಓಡಿಸಬೇಕಿತ್ತು. ಮರೆತರೆ ಮರುದಿನ ಎಷ್ಟು ಜಗ್ಗಿದರೂ ಎಂಜಿನ್ ಏಳುತ್ತಿರಲಿಲ್ಲ. "ತಮ್ಮಾ, ಇವತ್ತ ಬಂದ್ ಮಾಡೂದ ಅಂದ್ರ ನಾಳಿ ಚಾಲೂ ಮಾಡಿದಂಗ" ಅನ್ನುತ್ತಿದ್ದರು. ಕಾಕಾ ರೇಸ್ ಇಳಿಸಿ, ಕಾಕ್ ತಿರುಗಿಸಿ, ಕಿವಿಗೊಟ್ಟು ಕೂರುತ್ತಿದ್ದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಆ ಶಿಸ್ತು ಕಲಿಸಿದ್ದು ಎಂಜಿನ್ನೇ: ತಪ್ಪಿಗೆ ಮರುದಿನ ಬೆಳಿಗ್ಗೆಯೇ ದಂಡ. ಚಿಮಣಿ ಎಣ್ಣೆ ಸಿಗುವುದು ಕಷ್ಟವಾಗಿ ಬರೀ ಪೆಟ್ರೋಲಿನ ಎಂಜಿನ್ ಬಂದಾಗ ಆ ದಂಡ ಹೋಯಿತು, ದಂಡದ ಜೊತೆಗೆ ಶಿಸ್ತೂ ಹೋಯಿತು. ಈಗ ಹೇಗೆ ಬಂದ್ ಮಾಡಿದರೂ ಎಂಜಿನ್ ನಿಲ್ಲುತ್ತದೆ, ನಾಳೆ ಏಳುತ್ತದೆ ಕೂಡ. ಹಾಳಾಗುವುದು ನಿಧಾನಕ್ಕೆ, ಮುಂದಿನ ಹಂಗಾಮಿನಲ್ಲಿ. ಆಗ ಮಿಸ್ತ್ರಿಯ ಮುಂದೆ ಕುಳಿತವನಿಗೆ ತನ್ನ ಇವತ್ತಿನ ಕೈತಪ್ಪು ನೆನಪಿರುವುದಿಲ್ಲ.

ಹೇಗೆ ಬಂದ್ ಮಾಡುತ್ತಾರೆ ನೋಡಿ. ಸ್ವಿಚ್ ಕೆಟ್ಟಿದ್ದರೆ ಅದನ್ನು ರಿಪೇರಿ ಮಾಡಿಸುವ ಬದಲು ಓಡುತ್ತಿರುವ ಎಂಜಿನ್ನಿನ ಪ್ಲಗ್ಗಿನ ಟೋಪಿ ಕೀಳುತ್ತಾರೆ. ಸಾವಿರಾರು ವೋಲ್ಟಿನ ಆ ಏಟು ತಿಂದು ಹಿಂದೆ ಸರಿಯುವಾಗ ಪಕ್ಕದ ಪಟ್ಟಾಕ್ಕೋ ಕಾದ ಸೈಲೆನ್ಸರಿಗೋ ಕೈ ತಾಗುತ್ತದೆ. ಇನ್ನು ಕೆಲವರು ಚೋಕ್ ಮುಚ್ಚಿ ಉಸಿರು ಕಟ್ಟಿಸುತ್ತಾರೆ. ಗಾಳಿ ಸಿಗದ ಎಂಜಿನ್ ಹಸಿ ಪೆಟ್ರೋಲನ್ನೇ ಎಳೆದುಕೊಂಡು ಸಿಲಿಂಡರಿನ ಗೋಡೆಯ ಆಯಿಲ್ ತೊಳೆದುಬಿಡುತ್ತದೆ. ಸ್ವಿಚ್ ಸರಿಯಿದ್ದವರು ಪೂರ್ತಿ ರೇಸಿನಲ್ಲೇ ಟಕ್ಕನೆ ಆರಿಸುತ್ತಾರೆ. ಕೈ ಸಿಕ್ಕಿಕೊಂಡಾಗ, ಬೆಂಕಿ ಕಂಡಾಗ ಹಾಗೆ ಮಾಡಲೇಬೇಕು, ಸ್ವಿಚ್ ಇರುವುದೇ ಅದಕ್ಕೆ. ದಿನನಿತ್ಯದ ಕೆಲಸಕ್ಕೆ ಅದು ಒಳ್ಳೆಯದಲ್ಲ. ಎಂಜಿನ್ನಿಗೆ ತಂಪು ಕೊಡುವುದು ಗಾಲಿಯ ರೆಕ್ಕೆಗಳ ಗಾಳಿ. ಎಂಜಿನ್ ನಿಂತರೆ ಗಾಳಿಯೂ ನಿಂತು ಬಿಸಿ ಒಳಗೇ ಉಳಿಯುತ್ತದೆ. ಜನರೇಟರ್ ಆದರೆ ಮೊದಲು ಲೈಟುಗಳನ್ನು ತೆಗೆಯಬೇಕು, ಎಣ್ಣೆ ಹೊಡೆಯುವ ಮಶಿನ್ ಆದರೆ ಮೊದಲು ಔಷಧದ ನಳ ಮುಚ್ಚಬೇಕು. ಆಮೇಲೆ ರೇಸ್ ಇಳಿಸಿ ಒಂದೆರಡು ನಿಮಿಷ ಸುಮ್ಮನೆ ತಿರುಗಲು ಬಿಡಬೇಕು.

ಕಾಕ್ ಮುಚ್ಚುವುದಂತೂ ನೂರಕ್ಕೊಬ್ಬರಿಗೆ ನೆನಪಾದರೆ ಹೆಚ್ಚು. ತೆರೆದ ಕಾಕಿನಿಂದ ಕಾರ್ಬೊರೇಟರಿಗೆ ಇಳಿಯುವ ಪೆಟ್ರೋಲನ್ನು ತಡೆದಿರುವುದು ಒಂದು ಸೂಜಿ ಮಾತ್ರ. ಎಂಜಿನ್ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಕುಲುಕುತ್ತ ಮನೆಗೆ ಬರುವಾಗ, ಅಥವಾ ಸೂಜಿಗೆ ಕಸ ಸಿಕ್ಕಾಗ, ಪೆಟ್ರೋಲ್ ಸೋರಿ ಸಿಲಿಂಡರ್ ದಾಟಿ ಆಯಿಲಿಗೆ ಬೆರೆಯುತ್ತದೆ. ಕಡ್ಡಿ ತೆಗೆದು ನೋಡಿದವನಿಗೆ ಆಯಿಲ್ ಹೆಚ್ಚಾದಂತೆ ಕಾಣುತ್ತದೆ. ನೀರಾದ ಆ ಆಯಿಲಿನಲ್ಲೇ ಎಂಜಿನ್ ಓಡಿಸಿ ಸವೆಸುತ್ತೇವೆ. ಈಗ ಕಾಕ್ ಮುಚ್ಚುವುದು ಇನ್ನೂ ಮುಖ್ಯವಾಗಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇ. 20ರ ಎಥನಾಲ್ ಬೆರಕೆಯ ಪೆಟ್ರೋಲ್ ಈಗ ಬಂಕುಗಳಲ್ಲಿ ಸಾಮಾನ್ಯ. ನಾನು ನೋಡಿದ ಹಳೆಯ ಎಂಜಿನ್ನುಗಳ ಕೈಪಿಡಿಗಳು ಶೇ. 10ರ ತನಕ ಮಾತ್ರ ಒಪ್ಪುತ್ತವೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಕಾರ್ಬೊರೇಟರಿನಲ್ಲೇ ಪೆಟ್ರೋಲ್ ಬಿಟ್ಟರೆ ತಳದಲ್ಲಿ ನೀರು, ತುಕ್ಕು, ಅಂಟು.

ಕೈಪಿಡಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ನಿಲ್ಲಿಸುವ ಕ್ರಮಕ್ಕೆ ಅದರಲ್ಲಿ ಬೇರೆ ಪುಟವೇ ಇರುತ್ತದೆ, ರೇಸ್, ಸ್ವಿಚ್, ಕಾಕ್ ಎಂದು ಒಂದಾದ ಮೇಲೊಂದು ಚಿತ್ರವೂ ಇರುತ್ತದೆ. ಆದರೆ ನನ್ನ ಕೈಗೆ ಬಂದವು ಇಂಗ್ಲಿಷಿನವು, ಹಿಂದಿಯವು. ಮಾರುವ ಅಂಗಡಿಯಲ್ಲಿ ಹಗ್ಗ ಜಗ್ಗಿ ಚಾಲೂ ಮಾಡಿ ತೋರಿಸುತ್ತಾರೆ. ನಿಲ್ಲಿಸುವುದನ್ನು ತೋರಿಸಿದವರನ್ನು ನಾನು ಕಂಡಿಲ್ಲ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಬಹುಪಾಲು ಎಂಜಿನ್ನಿನ ಆಯುಷ್ಯದ ಮಾತು. ಬಾವಿಗೆ ಇಳಿಸಿದ ಎಂಜಿನ್ನಿನ ಮಾತು ಹಾಗಲ್ಲ, ಅದು ಮನುಷ್ಯನ ಜೀವದ ಮಾತು. ಪಂಪ್ ನೀರನ್ನು ಏಳೆಂಟು ಮೀಟರಿಗಿಂತ ಆಳದಿಂದ ಹೀರಲಾರದು. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಎಂಜಿನ್ನನ್ನೇ ಬಾವಿಯೊಳಗಿನ ಕಟ್ಟೆಗೆ ಇಳಿಸುವ ರೂಢಿ ಇದೆ. ಎಂಜಿನ್ ಉಗುಳುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಗಾಳಿಯಾಡದ ಬಾವಿ ಆ ವಿಷದಿಂದ ತುಂಬಿರುವಾಗ ಒಬ್ಬ ಒಳಗೆ ಇಳಿಯುತ್ತಾನೆ. ಯಾತಕ್ಕೆ? ಎಂಜಿನ್ ಬಂದ್ ಮಾಡಲಿಕ್ಕೆ. ಅವನು ಮೇಲೆ ಬರಲಿಲ್ಲವೆಂದು ಎತ್ತಲು ಅಣ್ಣನೋ ತಮ್ಮನೋ ಇಳಿಯುತ್ತಾನೆ. ದೇಶದ ನಾನಾ ಕಡೆ ಒಂದೇ ಬಾವಿಯಲ್ಲಿ ಇಬ್ಬರು, ಮೂವರು ಸತ್ತದ್ದು ಹೀಗೆ. ಎಂಜಿನ್ ಬಾವಿಗೆ ಇಳಿಯಲೇಬಾರದು. ಯಾರೋ ಇಳಿಸಿದ್ದರೆ ಅದನ್ನು ನಿಲ್ಲಿಸಲು ಮನುಷ್ಯ ಇಳಿಯಬಾರದು. ಪೆಟ್ರೋಲ್ ತೀರಿ ತಾನೇ ನಿಲ್ಲಲಿ, ಒಣಗುವ ಬೆಳೆ ಒಣಗಲಿ. ಪೇಟೆಯ ಓಣಿಗಳಲ್ಲಿ ಮಳೆಗೆ ತೊಯ್ಯುತ್ತದೆಂದು ಜನರೇಟರನ್ನು ಬಾಗಿಲೊಳಗೆ ಎಳೆದುಕೊಂಡು ಶಟರ್ ಅರ್ಧ ಇಳಿಸುವವರಿಗೂ ಇದನ್ನೇ ಕೈಮುಗಿದು ಹೇಳುತ್ತೇನೆ. ಕಿಟಕಿ, ಬಾಗಿಲಿನಿಂದ ಕನಿಷ್ಠ 20 ಅಡಿ ದೂರ ಬೇಕು. ಅಷ್ಟು ಜಾಗವಿಲ್ಲದ ಓಣಿಯಲ್ಲಿ ಆ ರಾತ್ರಿ ಕತ್ತಲಲ್ಲೇ ಕೂರುವುದು ಲೇಸು.

ಕಾಕಾನ ಹಳೆಯ ಎಂಜಿನ್ ಈಗಿಲ್ಲ. ನಮ್ಮ ಹೊಲದಲ್ಲಿ ಈಗ ಕೆಲಸ ಮಾಡುವ ಹುಡುಗನಿಗೆ ನಾನು ಕಾಕಾ ಮಾಡಿದಂತೆಯೇ ಮಾಡಿ ತೋರಿಸಿದೆ. ಸಂಜೆ ಕೆಲಸ ಮುಗಿದ ಮೇಲೆ ಅವನು ರೇಸ್ ಇಳಿಸುತ್ತಾನೆ, ಕಾಕ್ ಮುಚ್ಚುತ್ತಾನೆ, ಸ್ವಿಚ್ ಮುಟ್ಟದೆ ಬದುವಿನ ಮೇಲೆ ಕೂರುತ್ತಾನೆ. ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲ್ ಉರಿಯುತ್ತ ಬರುತ್ತದೆ. ಸದ್ದು ಒಮ್ಮೆ ಏರಿ, ತಡವರಿಸಿ, ನಿಲ್ಲುತ್ತದೆ. ಆಗ ಎದ್ದು ಸ್ವಿಚ್ ಆರಿಸಿ, ಟಾಕಿಯ ಮುಚ್ಚಳ ಬಿಗಿಯಾಗಿದೆಯೇ ನೋಡಿ, ಎಂಜಿನ್ ತಣ್ಣಗಾಗುವವರೆಗೆ ಹಳ್ಳದಲ್ಲಿ ಕೈಕಾಲು ತೊಳೆಯುತ್ತಾನೆ.